ಮೋಟಾರ್ ಸೈಕಲ್ಲಿಗೆ ಒಂದು ಸಾಕೆಟ್ಟು: ವಿದ್ಯುತ್ತಿನ ಆಯವ್ಯಯ ವಿಚಾರ

ಇತ್ತೀಚಿನ ವರ್ಷಗಳಲ್ಲಿ ನಮ್ಮ ನಾಡಿನ ತರುಣ ತರುಣಿಯರಲ್ಲಿ ಮೋಟಾರ್ ಸೈಕಲ್ಲನ್ನೇರಿ ದೂರದ ಊರುಗಳನ್ನು ನೋಡಿಬರುವ ಅಭಿರುಚಿಯು ಬಹಳವಾಗಿ ಬೆಳೆದಿರುವುದು. ಕೊಡಗಿನಲ್ಲಿ ರೈಲುಮಾರ್ಗವಿಲ್ಲವಾದುದರಿಂದ ನಮಗೆ ರಸ್ತೆಯೇ ಸರ್ವಸ್ವ. ಮಡಿಕೇರಿಯಿಂದ ಮೈಸೂರಿಗೆ ಸುಮಾರು ೧೨೦ ಕಿಲೋಮೀಟರು. ಸಂಪಾಜೆ ಘಟ್ಟವನ್ನಿಳಿದು ಮಂಗಳೂರಿಗೆ ಹೋಗುವುದಾದರೆ ಅದಕ್ಕಿಂತಲೂ ಸ್ವಲ್ಪ ಹೆಚ್ಚು. ವಿರಾಜಪೇಟೆಯಿಂದ ಮಾಕುಟ್ಟದ ಕಾಡನ್ನು ಹಾದು ಕೇರಳಕ್ಕಿಳಿಯುವವರೂ, ಅಲ್ಲಿಂದ ಮೇಲೇರಿ ತಲಕಾವೇರಿಗೆ ಬರುವವರೂ ಉಂಟು. ಹಿಂದೆ ಪ್ರಯಾಣಿಕನು ಕೈಯಲ್ಲಿ ಕೊಡೆ, ಬುತ್ತಿ, ಲಾಟೀನುಗಳನ್ನು ಹಿಡಿದು ಹೊರಡುತ್ತಿದ್ದನು. ಈಗಿನವನಿಗೆ ನಕ್ಷೆಯೂ ದೀಪವೂ ಹಣದ ಚೀಲವೂ ಮನೆಗೆ ಬರೆಯುವ ಕಾಗದವೂ ಎಲ್ಲವೂ ಅಂಗೈಯಗಲದ ಫೋನಿನಲ್ಲಿಯೇ ಅಡಗಿವೆ.

ಇಷ್ಟೆಲ್ಲವನ್ನೂ ಒಂದೇ ವಸ್ತುವಿಗೆ ಒಪ್ಪಿಸಿದ ಮೇಲೆ ಅದರ ಪ್ರಾಣವಾದ ವಿದ್ಯುತ್ತು ತೀರಿಹೋದರೆ ಎಲ್ಲವೂ ಒಮ್ಮೆಗೇ ತೀರಿದಂತೆ. ನಮ್ಮ ಮಲೆನಾಡಿನಲ್ಲಿ ಅದು ಬೇಗನೆ ತೀರುವುದಕ್ಕೆ ಒಂದು ವಿಶೇಷ ಕಾರಣವಿದೆ. ಕಾಡಿನ ನಡುವೆ, ಬೆಟ್ಟದ ಮರೆಯಲ್ಲಿ, ದೂರವಾಣಿಯ ಗೋಪುರದ ಸಂಕೇತವು ಕ್ಷೀಣವಾಗಿರುವುದು. ಆಗ ಫೋನು ಸುಮ್ಮನಿರುವುದಿಲ್ಲ. ಗೋಪುರವನ್ನು ಮತ್ತೆ ಮತ್ತೆ ಹುಡುಕುತ್ತದೆ, ತನ್ನ ಧ್ವನಿಯನ್ನೂ ಹೆಚ್ಚಿಸಿ ಕೂಗುತ್ತದೆ. ಪಟ್ಟಣದಲ್ಲಿ ದಿನವಿಡೀ ಬಾಳುವ ಶಕ್ತಿಯು ಇಂತಹ ಎಡೆಯಲ್ಲಿ ಅರ್ಧ ದಿನದಲ್ಲಿಯೇ ಮುಗಿಯಬಹುದು. ಎಂದರೆ ಅದು ಅತ್ಯವಶ್ಯವಾಗಿರುವ ಸ್ಥಳದಲ್ಲಿಯೇ ಕೈಕೊಡುವ ಸಂಭವ ಹೆಚ್ಚು.

ಆದುದರಿಂದ ಸವಾರರು ತಮ್ಮ ವಾಹನಕ್ಕೆ ಒಂದು ಸಾಕೆಟ್ಟನ್ನು ಜೋಡಿಸಿಕೊಂಡು, ಹೋಗುತ್ತ ಹೋಗುತ್ತಲೇ ಫೋನಿಗೆ ಶಕ್ತಿಯನ್ನು ತುಂಬಿಕೊಳ್ಳುವ ಪದ್ಧತಿಯು ಬಂದಿದೆ. ಪದ್ಧತಿಯು ಒಳ್ಳೆಯದೇ. ಆದರೆ ಅದನ್ನು ಜೋಡಿಸುವ ರೀತಿಯಲ್ಲಿ ಬಹಳ ಅಜಾಗರೂಕತೆಯು ಕಾಣಬರುತ್ತಿರುವುದು. “ಇದು ಮೆಕ್ಯಾನಿಕ್ಕಿನ ವಿಷಯ, ಗೃಹಸ್ಥರಾದ ನಮಗೇಕೆ?” ಎಂದು ವಾಚಕರು ಪುಟವನ್ನು ಮಗುಚಬಾರದು. ಆ ವಾಹನವು ರಾತ್ರಿ ನಿಲ್ಲುವುದು ನಮ್ಮ ಮನೆಯ ಮಾಡಿನ ಕೆಳಗೆ, ಸೌದೆಯ ಕೊಟ್ಟಿಗೆಯ ಪಕ್ಕದಲ್ಲಿ. ಅದರ ಹೊಟ್ಟೆಯಲ್ಲಿರುವುದು ಹತ್ತು ಹದಿನೈದು ಲೀಟರು ಪೆಟ್ರೋಲು. ಅದನ್ನೇರಿ ಹೋಗುವವರು ನಮ್ಮ ಮಕ್ಕಳು. ಇದಕ್ಕಿಂತ ಹೆಚ್ಚಿನ ಗೃಹಕೃತ್ಯವು ಯಾವುದು?

ಎರಡು ವರ್ಷಗಳ ಹಿಂದೆ ಕಕ್ಕಡದ ಮಳೆಯಲ್ಲಿ ನಮ್ಮ ನೆರೆಯ ತೋಟದ ತರುಣನೊಬ್ಬನು ಭಾಗಮಂಡಲದಿಂದ ಹಿಂದಿರುಗುತ್ತಿದ್ದನು. ಪಟ್ಟಣದ ಅಂಗಡಿಯೊಂದರಲ್ಲಿ ಅವನ ವಾಹನಕ್ಕೆ ಅರ್ಧ ಗಂಟೆಯಲ್ಲಿ ಒಂದು ಚಾರ್ಜರನ್ನು ಕಟ್ಟಿಕೊಟ್ಟಿದ್ದರು. ತಂತಿಯು ಬ್ಯಾಟರಿಯಿಂದ ಹೊರಟು ನೆಟ್ಟಗೆ ಹ್ಯಾಂಡಲಿಗೆ ಬಂದಿತ್ತು. ನಡುವೆ ಫ್ಯೂಸೆಂಬುದೇ ಇರಲಿಲ್ಲ. ಹ್ಯಾಂಡಲು ಅತ್ತಿತ್ತ ತಿರುಗುವ ಎಡೆಯಲ್ಲಿ ತಂತಿಯ ಹೊದಿಕೆಯು ಸವೆದು, ಒಳಗಿನ ತಾಮ್ರವು ಚೌಕಟ್ಟಿನ ಕಬ್ಬಿಣಕ್ಕೆ ತಾಗಿತು. ಕ್ಷಣಮಾತ್ರದಲ್ಲಿ ಪೆಟ್ರೋಲ್ ಟ್ಯಾಂಕಿನ ಕೆಳಗಿನಿಂದ ಹೊಗೆಯು ಏಳತೊಡಗಿತು. ಆ ಹುಡುಗನು ಧೈರ್ಯಗೆಡದೆ ಸೀಟನ್ನು ಕಿತ್ತು, ಚೀಲದಲ್ಲಿದ್ದ ತೋಟದ ಕತ್ತಿಯಿಂದ ತಂತಿಯನ್ನು ತುಂಡರಿಸಿದ್ದರಿಂದ ಅನರ್ಥವು ತಪ್ಪಿತು. ಮರುದಿನ ಬಂದು ಕೇಳಿದನು:

“ಮೇಷ್ಟ್ರೇ, ಕೀ ತೆಗೆದ ಮೇಲೂ ಹೊಗೆ ನಿಲ್ಲಲೇ ಇಲ್ಲವಲ್ಲ, ಅದು ಹೇಗೆ?”

“ಕೀ ಇರುವ ದಾರಿಯಲ್ಲಿ ಆ ತಂತಿ ಬಂದೇ ಇಲ್ಲವಲ್ಲಪ್ಪ. ಹಿತ್ತಿಲ ಬಾಗಿಲನ್ನು ತೆರೆದಿಟ್ಟು ಮುಂಬಾಗಿಲಿಗೆ ಬೀಗ ಹಾಕಿದರೆ ಏನು ಫಲ?” ಎಂದೆನು.

ಅವನ ಪ್ರಶ್ನೆಗೆ ಪೂರ್ಣವಾದ ಉತ್ತರವನ್ನು ಕೊಡಬೇಕಾದರೆ ವಿಷಯವನ್ನು ಮೂಲದಿಂದ ತಿಳಿಯಬೇಕು.

ಈ ವಿದ್ಯುತ್ತು ಬರುವುದೆಲ್ಲಿಂದ?

ಅಯಸ್ಕಾಂತವನ್ನು ತಂತಿಯ ಸುರುಳಿಯ ಬಳಿಯಲ್ಲಿ ಚಲಿಸಿದರೆ ಆ ತಂತಿಯಲ್ಲಿ ವಿದ್ಯುತ್ಪ್ರವಾಹವು ಹುಟ್ಟುವುದೆಂಬುದನ್ನು ೧೮೩೧ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯವರು ತೋರಿಸಿಕೊಟ್ಟರು. ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕುವೆಡೆಯಲ್ಲಿ ಇದೇ ತತ್ತ್ವದಿಂದ ವಿದ್ಯುತ್ತನ್ನು ಉತ್ಪಾದಿಸಿ, ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಅದೇ ಬೆಳಕು ಬಂದಿತು. ಅಲ್ಲಿ ಚಕ್ರವನ್ನು ತಿರುಗಿಸುವುದು ನೀರು. ಮೋಟಾರ್ ಸೈಕಲ್ಲಿನಲ್ಲಿ ತಿರುಗಿಸುವುದು ಎಂಜಿನ್ನು. ಅದರ ತಿರುಗುವ ದಂಡಿಗೆ ಸೇರಿಸಿದ ಅಯಸ್ಕಾಂತಗಳು ತಂತಿಸುರುಳಿಗಳ ಸಮೀಪದಲ್ಲಿ ಸುತ್ತುತ್ತಿರುವುವು. ಈ ಭಾಗಕ್ಕೆ ಆಲ್ಟರ್ನೇಟರ್ ಎಂದು ಹೆಸರು. ಸವಾರನ ಕಾಲಿನ ಪಕ್ಕದಲ್ಲಿಯೇ ಒಂದು ಶಿವನಸಮುದ್ರವು ಕೆಲಸಮಾಡುತ್ತಿದೆಯೆಂದರೆ ಅತಿಶಯೋಕ್ತಿಯಾಗದು.

ಈ ಸುರುಳಿಯಲ್ಲಿ ಹುಟ್ಟುವ ಪ್ರವಾಹವು ಹಿಂದುಮುಂದಾಗಿ ಹರಿಯುವಂಥದು. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನ ಪ್ರವಾಹ. ಹಾಗೆ ದಿಕ್ಕನ್ನು ತಿದ್ದಿ, ಒತ್ತಡವು ಹೆಚ್ಚದಂತೆ ಕಾಯುವ ಮತ್ತೊಂದು ಭಾಗವಿದೆ. ಅದನ್ನು ರೆಗ್ಯುಲೇಟರ್ ಎನ್ನುವರು. ಅಲ್ಲಿಂದ ೧೪ ವೋಲ್ಟಿನ ಸುಮಾರಿಗೆ ಹೊರಟ ಪ್ರವಾಹವು ದೀಪಗಳಿಗೂ ಇತರ ಅಂಗಗಳಿಗೂ ಹಂಚಿಹೋಗಿ, ಉಳಿದುದು ಬ್ಯಾಟರಿಯಲ್ಲಿ ಶೇಖರವಾಗುವುದು.

ಹಳೆಯ ವಾಹನಗಳ ಮಾತು ಬೇರೆ. ಆರಂಭಕಾಲದ ಮೋಟಾರ್ ಸೈಕಲ್ಲುಗಳಿಗೆ ವಿದ್ಯುದ್ದೀಪವೇ ಇರಲಿಲ್ಲ. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ ಹುಟ್ಟುವ ಅನಿಲದಿಂದ ದೀಪವನ್ನು ಉರಿಸುತ್ತಿದ್ದರು. ಮೈಸೂರಿನ ಯಾದವಗಿರಿಯಲ್ಲಿ ೧೯೬೧ರಿಂದ ೧೯೯೬ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ವಾಹನಗಳು ನಮ್ಮ ಘಟ್ಟದ ರಸ್ತೆಗಳಲ್ಲಿ ಎಷ್ಟೋ ಓಡಿದವು. ಅವುಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿರುವ ಮನೆಗಳೂ ಇವೆ. ಆ ಹಳೆಯ ಜಾವಾಗಳಲ್ಲಿದ್ದುದು ೬ ವೋಲ್ಟಿನ ಏರ್ಪಾಡು. ಈಗ ಅಂಗಡಿಗಳಲ್ಲಿ ಮಾರುವ ಸಾಕೆಟ್ಟುಗಳು ೧೨ ವೋಲ್ಟಿಗಾಗಿ ಮಾಡಿದವು. ಹಳೆಯ ವಾಹನವುಳ್ಳವರು ಈ ಭೇದವನ್ನು ಮೊದಲು ಅರಿತು, ಅವುಗಳನ್ನು ಇದಕ್ಕೆ ತೊಡಿಸಲು ಹೋಗದಿರುವುದು ಲೇಸು.

ಆಯವ್ಯಯದ ಪಟ್ಟಿ

ಬ್ಯಾಟರಿಯ ಎರಡು ತುದಿಗಳಿಗೆ ನಮ್ಮ ಶಾಸ್ತ್ರಗ್ರಂಥಕಾರರು ಧನಾಗ್ರ, ಋಣಾಗ್ರ ಎಂದು ಹೆಸರಿಟ್ಟಿರುವುದು ಬಹು ಸಾರ್ಥಕವಾಗಿದೆ. ಧನವೂ ಋಣವೂ ಎಲ್ಲಿರುವುವೋ ಅಲ್ಲಿ ಲೆಕ್ಕವಿರಲೇಬೇಕು. ಆಲ್ಟರ್ನೇಟರು ಮನೆಯ ಸಂಪಾದನೆ, ಬ್ಯಾಟರಿಯು ಪತ್ತಾಯ, ದೀಪ ಮೊದಲಾದುವು ನಿತ್ಯದ ಖರ್ಚು, ಹೊಸದಾಗಿ ಜೋಡಿಸುವ ಸಾಕೆಟ್ಟು ಮನೆಗೆ ಬಂದ ಅತಿಥಿ. ಅತಿಥಿಯನ್ನು ಸತ್ಕರಿಸಬೇಕಾದುದು ಧರ್ಮವೇ. ಆದರೆ ಪತ್ತಾಯದ ಬಿತ್ತನೆಯ ಬತ್ತವನ್ನು ಬೇಯಿಸಿ ಬಡಿಸುವುದು ವಿವೇಕವಲ್ಲ. ಬ್ಯಾಟರಿಯಲ್ಲಿ ಆ ಬಿತ್ತನೆಯ ಬತ್ತವೆಂದರೆ ನಾಳೆ ಬೆಳಗ್ಗೆ ಎಂಜಿನ್ನನ್ನು ಎಬ್ಬಿಸಲು ಬೇಕಾದ ಶಕ್ತಿ. ಈಗಿನ ಅನೇಕ ವಾಹನಗಳಿಗೆ ಒದೆಯುವ ಕಿಕ್ಕರ್ ಇಲ್ಲದಿರುವುದರಿಂದ ಈ ಮಾತು ಮತ್ತಷ್ಟು ಮುಖ್ಯ.

ಲೆಕ್ಕದ ಕ್ರಮವು ಸುಲಭ. ವೋಲ್ಟು ಎಂಬುದು ಜಲಪಾತದ ಎತ್ತರವಿದ್ದಂತೆ. ಆಂಪಿಯರ್ ಎಂಬುದು ಬೀಳುವ ನೀರಿನ ಪ್ರಮಾಣವಿದ್ದಂತೆ. ಇವೆರಡನ್ನೂ ಗುಣಿಸಿದರೆ ಬರುವ ಬಲಕ್ಕೆ ವಾಟ್ ಎಂದು ಹೆಸರು. ಉದಾಹರಣೆಗಾಗಿ, ಒಂದು ವಾಹನದ ಆಲ್ಟರ್ನೇಟರು ಸಾಧಾರಣ ವೇಗದಲ್ಲಿ ೨೦೦ ವಾಟ್ ಕೊಡುವುದೆಂದು ಇಟ್ಟುಕೊಳ್ಳೋಣ. ಮುಂದಿನ ದೀಪವು ಹ್ಯಾಲೊಜನ್ ಜಾತಿಯದಾದರೆ ೫೫ ವಾಟ್. ೨೦೧೭ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ತಯಾರಾಗುವ ದ್ವಿಚಕ್ರ ವಾಹನಗಳ ಮುಂದಿನ ದೀಪವು ಹಗಲಿನಲ್ಲಿಯೂ ಉರಿಯುತ್ತಿರಬೇಕೆಂದು ನಿಯಮವಾಗಿರುವುದರಿಂದ ಈ ಖರ್ಚು ತಪ್ಪುವಂತಿಲ್ಲ. ಹಿಂದಿನ ದೀಪ ಮತ್ತು ಮೀಟರುಗಳಿಗೆ ೧೫ ಎನ್ನೋಣ. ಕಿಡಿ ಹಾರಿಸುವುದಕ್ಕೂ ಪೆಟ್ರೋಲನ್ನು ಒತ್ತಿ ಕಳುಹಿಸುವುದಕ್ಕೂ ೬೦. ಬ್ಯಾಟರಿಯನ್ನು ತುಂಬುವುದಕ್ಕೆ ೨೦. ಒಟ್ಟು ೧೫೦ ಆಯಿತು. ಉಳಿದುದು ೫೦. ಅದರಲ್ಲಿಯೂ ಇಪ್ಪತ್ತನ್ನು ಆಪದ್ಧನವಾಗಿ ಬಿಟ್ಟರೆ ಅತಿಥಿಗೆ ದೊರೆಯುವುದು ೩೦ ವಾಟ್.

ಇಷ್ಟರಲ್ಲಿ ಏನೇನು ಸಾಧ್ಯ? ಫೋನೊಂದು ಸಾಮಾನ್ಯವಾಗಿ ೧೦ ವಾಟ್, ಶೀಘ್ರವಾಗಿ ತುಂಬಿಕೊಳ್ಳುವ ಬಗೆಯದಾದರೆ ೧೮ರಿಂದ ೨೦ ವಾಟ್ ತೆಗೆದುಕೊಳ್ಳುವುದು. ೧೨ ವೋಲ್ಟನ್ನು ಫೋನಿಗೆ ತಕ್ಕಂತೆ ಇಳಿಸುವಾಗ ಸ್ವಲ್ಪ ಶಕ್ತಿಯು ಶಾಖವಾಗಿ ನಷ್ಟವಾಗುವುದನ್ನೂ ಸೇರಿಸಿದರೆ ಈ ಲೆಕ್ಕದೊಳಗೆ ಒಂದು ಫೋನು ಧಾರಾಳವಾಗಿ ನಡೆಯುವುದು. ಆದರೆ ಚಳಿಗೆ ಬೆಚ್ಚಗಾಗುವ ವಿದ್ಯುತ್ತಿನ ಅಂಗಿಗೆ ಐವತ್ತು ವಾಟಿಗಿಂತಲೂ ಹೆಚ್ಚು ಬೇಕಾಗಬಹುದು. ಟೈರಿಗೆ ಗಾಳಿ ತುಂಬುವ ಚಿಕ್ಕ ಪಂಪು ೧೦೦ ವಾಟಿನ ಆಸುಪಾಸು ನುಂಗುವುದು. ಅದನ್ನು ಎಂಜಿನ್ನು ನಡೆಯುತ್ತಿರುವಾಗ ಕೆಲವು ನಿಮಿಷ ಮಾತ್ರ ಉಪಯೋಗಿಸತಕ್ಕದ್ದು. ಅಲ್ಲದೆ ಆಲ್ಟರ್ನೇಟರಿನ ಸಂಪಾದನೆಯು ಎಂಜಿನ್ನಿನ ವೇಗವನ್ನು ಅನುಸರಿಸಿರುವುದು. ಹಬ್ಬದ ದಿನ ಮಡಿಕೇರಿಯ ಪೇಟೆಯಲ್ಲಿ ಸಾಲುಗಟ್ಟಿದ ವಾಹನಗಳ ನಡುವೆ ನಿಂತು ನಿಂತು ಸಾಗುವಾಗ ಆಯವು ಕಡಿಮೆ, ವ್ಯಯವು ಅಷ್ಟೇ. ಆಗ ಹೆಚ್ಚಿನ ಸಾಧನಗಳನ್ನು ಆರಿಸಿಬಿಡುವುದು ಜಾಣತನ.

ಪ್ರತಿಯೊಂದು ವಾಹನದ ಅಂಕಿಗಳೂ ಬೇರೆಬೇರೆಯಾಗಿರುವುವು. ಅದರೊಡನೆ ಕೊಟ್ಟಿರುವ ಕೈಪಿಡಿಯಲ್ಲಿ ಆಲ್ಟರ್ನೇಟರಿನ ವಾಟ್, ಬ್ಯಾಟರಿಯ ಆಂಪಿಯರ್-ಗಂಟೆ, ದೀಪಗಳ ವಾಟ್ ಇವುಗಳನ್ನು ಸಾಮಾನ್ಯವಾಗಿ ನಮೂದಿಸಿರುವರು. ಕೈಪಿಡಿಯನ್ನು ಓದದೆ ಅಟ್ಟದ ಮೇಲೆಸೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮೊದಲು ಅದನ್ನು ಕೆಳಗಿಳಿಸಿ ಓದಬೇಕು. ಸಾಕೆಟ್ಟು ಈಗಾಗಲೇ ಇದ್ದರೂ ಇರಬಹುದು. ೨೦೨೦ರ ಈಚೆಗೆ ಬಂದ ರಾಯಲ್ ಎನ್‌ಫೀಲ್ಡಿನ ಮೀಟಿಯರ್, ೨೦೨೧ರ ಹೊಸ ಕ್ಲಾಸಿಕ್ ಮೊದಲಾದ ವಾಹನಗಳಲ್ಲಿ ಹ್ಯಾಂಡಲಿನ ಬಳಿಯಲ್ಲಿಯೇ ಯುಎಸ್‌ಬಿ ಸಾಕೆಟ್ಟನ್ನು ಕಾರ್ಖಾನೆಯವರೇ ಇಟ್ಟಿರುವರು. ಮತ್ತೆ ಕೆಲವು ವಾಹನಗಳಲ್ಲಿ ಇಂತಹ ಸಾಧನಗಳಿಗೆಂದೇ ಒಂದು ಜೋಡಣೆಯ ತುದಿಯನ್ನು ಸೀಟಿನ ಕೆಳಗೋ ದೀಪದ ಹಿಂದೆಯೋ ಬಿಟ್ಟಿರುವರು. ಅದಿದ್ದಲ್ಲಿ ಬೇರೆ ತಂತಿಯನ್ನು ಕತ್ತರಿಸುವ ಪ್ರಮೇಯವೇ ಇಲ್ಲ.

ಸಾಕೆಟ್ಟುಗಳ ಭೇದಗಳು

ಅಂಗಡಿಯಲ್ಲಿ ದೊರೆಯುವ ಸಾಕೆಟ್ಟುಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಮೋಟಾರು ಕಾರುಗಳಲ್ಲಿ ಸಿಗರೇಟು ಹಚ್ಚಲೆಂದು ಹುಟ್ಟಿದ ದುಂಡನೆಯ ಕುಳಿ. ಮೂಲೋದ್ದೇಶವು ಮರೆತುಹೋಗಿದ್ದರೂ ಕುಳಿಯು ಉಳಿದುಕೊಂಡಿದೆ. ಇದರ ನಡುವಣ ಬಿಂದುವು ಧನ, ಸುತ್ತಲ ಲೋಹವು ಋಣ. ಪಂಪು ಮೊದಲಾದ ದೊಡ್ಡ ಸಾಧನಗಳಿಗೆ ಇದು ಬೇಕಾಗುವುದು. ಆದರೆ ಮೋಟಾರ್ ಸೈಕಲ್ಲಿನ ಅದುರುವಿಕೆಗೆ ಪ್ಲಗ್ಗು ಸಡಿಲಿ ಮೇಲೆ ಬರುವುದು ಇದರ ದೋಷ. ಎರಡನೆಯದು ಅದಕ್ಕಿಂತ ಸಣ್ಣದಾದ, ಬಿಗಿಯಾಗಿ ಕಚ್ಚಿಕೊಳ್ಳುವ ಡಿನ್ ಜಾತಿಯ ಸಾಕೆಟ್ಟು. ಯೂರೋಪಿನ ಪ್ರವಾಸದ ಮೋಟಾರ್ ಸೈಕಲ್ಲುಗಳಲ್ಲಿ ಇದು ಹೆಚ್ಚು. ಮೂರನೆಯದು ಯುಎಸ್‌ಬಿ. ೧೯೯೬ರಲ್ಲಿ ಗಣಕಯಂತ್ರಗಳಿಗೆಂದು ಹೊರಬಂದ ಈ ಜೋಡಣೆಯು ಈಗ ಫೋನುಗಳ ಆಹಾರದ ಬಾಯಿಯಾಗಿದೆ. ಇದು ಮೂಲತಃ ೫ ವೋಲ್ಟಿನದು; ೧೨ನ್ನು ೫ಕ್ಕೆ ಇಳಿಸುವ ಸೂಕ್ಷ್ಮ ಯಂತ್ರವು ಸಾಕೆಟ್ಟಿನೊಳಗೆ ಅಡಗಿರುವುದು. ಫೋನೊಂದನ್ನೇ ತುಂಬಿಕೊಳ್ಳಬೇಕಾದವನಿಗೆ ಮೂರನೆಯದೇ ಸಾಕು.

ಈ ಅಡಗಿರುವ ಯಂತ್ರದ ವಿಷಯದಲ್ಲಿ ಒಂದು ಎಚ್ಚರಿಕೆ. ಫೋನನ್ನು ಸಿಕ್ಕಿಸದಿದ್ದರೂ ಅದು ತನ್ನ ಪಾಡಿಗೆ ಸ್ವಲ್ಪ ವಿದ್ಯುತ್ತನ್ನು ಕುಡಿಯುತ್ತಿರುತ್ತದೆ. ನೀಲಿ ದೀಪವೊಂದು ಸದಾ ಮಿನುಗುವ ಸಾಕೆಟ್ಟಾದರೆ ಇದು ೨೦ ಮಿಲಿಆಂಪಿಯರ್ ಆಗಬಹುದು. ಕೇಳುವುದಕ್ಕೆ ಅಲ್ಪ. ಆದರೆ ದಿನವೊಂದಕ್ಕೆ ಇದು ಸುಮಾರು ಅರ್ಧ ಆಂಪಿಯರ್-ಗಂಟೆಯಾಯಿತು. ಹತ್ತು ದಿನಕ್ಕೆ ಐದು. ಬ್ಯಾಟರಿಯ ಒಟ್ಟು ಸಂಗ್ರಹವೇ ೮ ಆಂಪಿಯರ್-ಗಂಟೆಯಾಗಿದ್ದರೆ ಅರ್ಧಕ್ಕಿಂತ ಹೆಚ್ಚು ಸೋರಿಹೋದಂತಾಯಿತು. ಕಕ್ಕಡದಲ್ಲಿ ಎಡೆಬಿಡದ ಮಳೆ ಹಿಡಿದು ವಾಹನವು ಹದಿನೈದು ದಿನ ಕೊಟ್ಟಿಗೆಯಲ್ಲಿಯೇ ನಿಂತಿತೆಂದರೆ, ಅವಸರಕ್ಕೆ ಹೊರಡಬೇಕಾದ ದಿನ ಅದು ಏಳಲೊಲ್ಲದು. ಆದುದರಿಂದಲೇ ಸಾಕೆಟ್ಟಿಗೆ ಕೀಯೊಡನೆ ಹುಟ್ಟಿ ಕೀಯೊಡನೆ ನಿಲ್ಲುವ ಪ್ರವಾಹವನ್ನೇ ಕೊಡಬೇಕು.

ಫ್ಯೂಸೆಂಬ ದ್ವಾರಪಾಲಕನು

ಬ್ಯಾಟರಿಯು ನೋಡುವುದಕ್ಕೆ ಸಾಧುವಾದರೂ ಅದರ ಧನಾಗ್ರವನ್ನು ನೇರವಾಗಿ ಋಣಾಗ್ರಕ್ಕೆ ತಾಗಿಸಿದರೆ ನೂರಾರು ಆಂಪಿಯರ್ ಪ್ರವಾಹವು ಒಮ್ಮೆಗೇ ನುಗ್ಗಬಲ್ಲುದು. ಸಣ್ಣ ತಂತಿಯು ಅದನ್ನು ತಾಳಲಾರದೆ ಕೆಂಪಗೆ ಕಾದು, ಹೊದಿಕೆಯು ಉರಿಯುವುದು. ವಾಹನದ ಚೌಕಟ್ಟೇ ಋಣಾಗ್ರಕ್ಕೆ ಸೇರಿರುವುದರಿಂದ ಧನದ ತಂತಿಯು ಎಲ್ಲಿ ಕಬ್ಬಿಣಕ್ಕೆ ತಾಗಿದರೂ ಇದೇ ಗತಿ. ಇದನ್ನು ತಡೆಯುವುದಕ್ಕಾಗಿ ಫ್ಯೂಸು. ಅದರೊಳಗಿನ ತೆಳುವಾದ ಲೋಹದ ಎಳೆಯು ಮಿತಿಮೀರಿದ ಪ್ರವಾಹಕ್ಕೆ ತಾನು ಮೊದಲು ಕರಗಿ, ದಾರಿಯನ್ನು ಕಡಿದುಬಿಡುವುದು.

ಫ್ಯೂಸು ಇರುವುದು ಫೋನನ್ನು ಕಾಯುವುದಕ್ಕೆಂದು ಅನೇಕರು ತಿಳಿದಿರುವರು. ಹಾಗಲ್ಲ, ಅದು ಕಾಯುವುದು ತಂತಿಯನ್ನು. ಆದುದರಿಂದ ಅದರ ಸ್ಥಾನವು ಸಾಕೆಟ್ಟಿನ ಬಳಿಯಲ್ಲ, ಬ್ಯಾಟರಿಯ ಧನಾಗ್ರದ ಬಳಿ. ಅಲ್ಲಿಂದ ಒಂದು ಗೇಣಿನೊಳಗೆ ಇರಬೇಕು. ಫ್ಯೂಸಿನಿಂದ ಮುಂದಿನ ತಂತಿಗೆ ರಕ್ಷಣೆಯುಂಟು, ಹಿಂದಿನದಕ್ಕಿಲ್ಲ. ಬೇಲಿಯನ್ನು ತೋಟದ ಹೊರಗಡೆ ಹಾಕುವುದಲ್ಲದೆ ನಡುವೆ ಹಾಕುವವರುಂಟೆ? ಯುಎಸ್‌ಬಿ ಸಾಕೆಟ್ಟಿಗೆ ೧ ಚದರ ಮಿಲಿಮೀಟರಿನ ತಂತಿಯೂ ೫ ಆಂಪಿಯರಿನ ಫ್ಯೂಸೂ ಸಾಕು. ದುಂಡನೆಯ ದೊಡ್ಡ ಸಾಕೆಟ್ಟಿಗೆ ೧.೫ ಚದರ ಮಿಲಿಮೀಟರಿನ ತಂತಿಯೂ ೧೦ ಆಂಪಿಯರಿನ ಫ್ಯೂಸೂ ಬೇಕು. ಸುಟ್ಟುಹೋದ ಫ್ಯೂಸಿಗೆ ಪ್ರತಿಯಾಗಿ ಸಿಗರೇಟಿನ ಬೆಳ್ಳಿಕಾಗದವನ್ನೋ ತಾಮ್ರದ ತುಂಡನ್ನೋ ಸಿಕ್ಕಿಸುವುದು ಕಾವಲುಗಾರನನ್ನು ಕೊಂದು ಅವನ ಅಂಗಿಯನ್ನು ಕೋಲಿಗೆ ತೊಡಿಸಿದಂತೆ. ಫ್ಯೂಸು ಸುಟ್ಟಿತೆಂದರೆ ಎಲ್ಲಿಯೋ ದೋಷವಿದೆಯೆಂದರ್ಥ. ದೋಷವನ್ನು ಹುಡುಕಿದ ಮೇಲೆಯೇ ಅದೇ ಅಂಕಿಯ ಹೊಸ ಫ್ಯೂಸನ್ನು ಹಾಕತಕ್ಕದ್ದು.

ಜೋಡಿಸುವ ಕ್ರಮ

ಕೀಯೊಡನೆ ಮಾತ್ರ ಪ್ರವಾಹ ಬರಬೇಕು, ಆದರೆ ಕೀಯ ಸೂಕ್ಷ್ಮವಾದ ತಂತಿಗಳ ಮೇಲೆ ಭಾರವೂ ಬೀಳಬಾರದು. ಈ ಎರಡನ್ನೂ ಸಾಧಿಸುವ ಉಪಾಯಕ್ಕೆ ರಿಲೇ ಎಂದು ಹೆಸರು. ಇದು ಚಿಕ್ಕ ಪ್ರವಾಹದ ಅಪ್ಪಣೆಯಿಂದ ದೊಡ್ಡ ಪ್ರವಾಹದ ಬಾಗಿಲನ್ನು ತೆರೆಯುವ ಸಾಧನ, ಬೆಂಕಿಪೊಟ್ಟಣದಷ್ಟು ಗಾತ್ರ. ಇದರಲ್ಲಿ ನಾಲ್ಕು ಕಾಲುಗಳಿದ್ದು ಅವುಗಳ ಮೇಲೆ ಅಂಕಿಗಳಿರುವುವು. ೩೦ ಎಂಬುದಕ್ಕೆ ಬ್ಯಾಟರಿಯ ಧನಾಗ್ರದಿಂದ ಫ್ಯೂಸಿನ ಮೂಲಕ ಬಂದ ತಂತಿ; ೮೭ರಿಂದ ಸಾಕೆಟ್ಟಿನ ಧನಕ್ಕೆ; ೮೬ಕ್ಕೆ ಕೀಯನ್ನು ತಿರುಗಿಸಿದಾಗ ಮಾತ್ರ ಜೀವ ಬರುವ ಒಂದು ತಂತಿ, ಉದಾಹರಣೆಗೆ ಹಿಂದಿನ ದೀಪದ್ದು; ೮೫ರಿಂದ ಋಣಾಗ್ರಕ್ಕೆ. ಸಾಕೆಟ್ಟಿನ ಋಣದ ತಂತಿಯನ್ನು ನೇರವಾಗಿ ಬ್ಯಾಟರಿಯ ಋಣಾಗ್ರಕ್ಕೆ ತರುವುದು ಉತ್ತಮ.

ಕೆಲಸವನ್ನು ಆರಂಭಿಸುವಾಗ ಬ್ಯಾಟರಿಯ ಋಣದ ತಂತಿಯನ್ನು ಮೊದಲು ಬಿಚ್ಚಬೇಕು. ಮುಗಿಸಿದ ಮೇಲೆ ಅದನ್ನೇ ಕೊನೆಗೆ ಸೇರಿಸಬೇಕು. ಇದಕ್ಕೆ ಕಾರಣವುಂಟು. ಧನವನ್ನು ಮೊದಲು ಬಿಚ್ಚುವಾಗ ಸ್ಪ್ಯಾನರು ಚೌಕಟ್ಟಿಗೆ ತಾಗಿದರೆ ಹಿಂದೆ ಹೇಳಿದ ನೂರಾರು ಆಂಪಿಯರಿನ ಕಿಡಿಯು ಕೈಯಲ್ಲಿಯೇ ಹಾರುವುದು. ಋಣವನ್ನು ಮೊದಲು ತೀರಿಸಿದವನಿಗೆ ಧನದಿಂದ ಭಯವಿಲ್ಲ. ಸಂಸಾರದಲ್ಲಿಯೂ ಇದು ನಿಜವೇ ಅಷ್ಟೆ.

ತಂತಿಯನ್ನು ವಾಹನದ ಮೂಲ ತಂತಿಗಳ ಜೊತೆಯಲ್ಲಿಯೇ, ಟ್ಯಾಂಕಿನ ಕೆಳಗೆ ಚೌಕಟ್ಟನ್ನು ಅನುಸರಿಸಿ ಒಯ್ಯಬೇಕು. ಎಂಜಿನ್ನಿನ ಮೇಲ್ಭಾಗವನ್ನೂ ಸೈಲೆನ್ಸರನ್ನೂ ಎಲ್ಲಿಯೂ ಮುಟ್ಟಿಸಕೂಡದು. ಹ್ಯಾಂಡಲಿನ ಎಡೆಯಲ್ಲಿ ಸ್ವಲ್ಪ ಸಡಿಲವನ್ನು ಬಿಟ್ಟು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ತಂತಿಯು ಎಳೆಯುವುದೇ, ಸಿಕ್ಕಿಕೊಳ್ಳುವುದೇ ಎಂದು ಕಣ್ಣಾರೆ ನೋಡಬೇಕು. ನೆರೆಯ ಹುಡುಗನ ವಾಹನದಲ್ಲಿ ಮಾಡದೆ ಬಿಟ್ಟುದು ಇಷ್ಟೇ ಪರೀಕ್ಷೆಯನ್ನು. ತಂತಿಗಳನ್ನು ಬರಿಗೈಯಿಂದ ಹೊಸೆದು ಟೇಪನ್ನು ಸುತ್ತಿದ ಸಂಧಿಯು ನಮ್ಮ ಮಳೆಗೂ ರಸ್ತೆಗೂ ನಿಲ್ಲುವಂಥದಲ್ಲ. ಲೋಹದ ತುದಿಯನ್ನು ಇಕ್ಕಳದಿಂದ ಬಿಗಿಯಾಗಿ ಅದುಮಿ, ಕಾಯಿಸಿದರೆ ಕುಗ್ಗಿ ಹಿಡಿಯುವ ಕೊಳವೆಯನ್ನು ಅದರ ಮೇಲೆ ತೊಡಿಸುವುದು ಸರಿಯಾದ ವಿಧಾನ.

ಎಲ್ಲವೂ ಆದ ಮೇಲೆ ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಕೀಯಿಲ್ಲದಾಗ ಸಾಕೆಟ್ಟಿನಲ್ಲಿ ಸೊನ್ನೆ ಕಾಣಬೇಕು. ರಾತ್ರಿಯೆಲ್ಲ ನಿಂತಿದ್ದ ವಾಹನದ ಬ್ಯಾಟರಿಯಲ್ಲಿ ೧೨.೬ ವೋಲ್ಟಿನ ಸುಮಾರು ಇದ್ದರೆ ಪತ್ತಾಯವು ತುಂಬಿದೆ, ೧೨.೨ ಆದರೆ ಅರ್ಧಕ್ಕಿಳಿದಿದೆ. ೧೨ಕ್ಕಿಂತ ಕೆಳಗಾದರೆ ಅಪಾಯ. ಎಂಜಿನ್ನು ಓಡುತ್ತ, ದೀಪವೂ ಫೋನೂ ಎರಡೂ ನಡೆಯುತ್ತಿರುವಾಗ ೧೩.೫ಕ್ಕೂ ೧೪.೫ಕ್ಕೂ ನಡುವೆ ಇದ್ದರೆ ಆಯವ್ಯಯವು ಸರಿಯಾಗಿದೆ. ಸಾಧಾರಣ ವೇಗದಲ್ಲಿಯೂ ೧೩ಕ್ಕಿಂತ ಕೆಳಗಿಳಿದರೆ ಖರ್ಚು ಹೆಚ್ಚಾಯಿತೆಂದು ತಿಳಿದು ಕೆಲವನ್ನು ಆರಿಸಬೇಕು.

ನೂತನವಾದ ಕೆಲವು ವಾಹನಗಳಲ್ಲಿ ಎಲ್ಲ ತಂತಿಗಳನ್ನೂ ಸಣ್ಣ ಗಣಕವೊಂದು ಕಾಯುತ್ತಿರುವುದು. ಅಂತಹವುಗಳ ತಂತಿಯನ್ನು ಕತ್ತರಿಸಿ ನಡುವೆ ಸೇರಿಸಿದರೆ ಅದು ತಪ್ಪನ್ನು ಕಂಡು ವಾಹನವನ್ನೇ ನಿಲ್ಲಿಸಬಹುದು. ಕಾರ್ಖಾನೆಯವರು ಕೊಟ್ಟಿರುವ ಗ್ಯಾರಂಟಿಗೂ ಭಂಗ ಬರಬಹುದು. ಅಲ್ಲಿ ಆ ವಾಹನಕ್ಕೆಂದೇ ಮಾಡಿದ ಜೋಡಣೆಯನ್ನು ತಿಳಿದವರಿಂದಲೇ ಮಾಡಿಸತಕ್ಕದ್ದು. ಕೆಲಸಗಾರನಿಗೆ ಕೂಲಿಯನ್ನು ಕೊಡುವ ಮುನ್ನ ಗೃಹಸ್ಥನು ಕೇಳಬೇಕಾದ ಪ್ರಶ್ನೆಗಳು ಮೂರೇ: ಫ್ಯೂಸು ಎಲ್ಲಿದೆ? ಕೀ ತೆಗೆದರೆ ಸಾಕೆಟ್ಟು ಆರುವುದೇ? ಹ್ಯಾಂಡಲು ತಿರುಗಿಸಿದರೆ ತಂತಿಯು ಎಳೆಯುವುದೇ? ಇವಕ್ಕೆ ಬಾಯಿಮಾತಿನ ಉತ್ತರವನ್ನು ಒಪ್ಪದೆ ತೋರಿಸೆನ್ನಬೇಕು.

ಮಳೆಗಾಲದ ಮಾತು

ಬಯಲುಸೀಮೆಯವರಿಗೆ ಇಷ್ಟು ಸಾಕಾಗಬಹುದು, ನಮಗೆ ಸಾಲದು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ನೀರು ಮೇಲಿನಿಂದ ಮಾತ್ರವಲ್ಲದೆ ಗಾಳಿಯೊಡನೆ ಪಕ್ಕದಿಂದಲೂ ಚಕ್ರದೊಡನೆ ಕೆಳಗಿನಿಂದಲೂ ಬರುವುದು. ಸಾಕೆಟ್ಟಿಗೆ ರಬ್ಬರಿನ ಮುಚ್ಚಳವಿರಲೇಬೇಕು. ಅದರ ಬಾಯಿಯು ಆಕಾಶವನ್ನು ನೋಡದೆ ಕೆಳಕ್ಕೋ ಪಕ್ಕಕ್ಕೋ ಇರುವಂತೆ ಕೂಡಿಸಬೇಕು. ಸಾಕೆಟ್ಟಿಗೆ ಬರುವ ತಂತಿಯನ್ನು ಒಮ್ಮೆ ಕೆಳಗಿಳಿಸಿ ಮತ್ತೆ ಮೇಲಕ್ಕೆ ತಂದರೆ, ಅದರ ಮೇಲೆ ಹರಿದು ಬರುವ ನೀರು ಆ ತಗ್ಗಿನಲ್ಲಿಯೇ ತೊಟ್ಟಿಕ್ಕಿ ಹೋಗುವುದು. ಒದ್ದೆಯಾದ ತುದಿಯಲ್ಲಿ ವಿದ್ಯುತ್ತು ಹರಿದರೆ ಲೋಹಕ್ಕೆ ಹಸುರು ಕಿಲುಬು ಹಿಡಿಯುವುದು. ಫೋನಿನ ಬಾಯಿಯೂ ಕೆಡುವುದು. ಒರಸಿ ಒಣಗಿದ ಮೇಲೆಯೇ ಸಿಕ್ಕಿಸಬೇಕು. ಮಳೆ ಜೋರಾಗಿದ್ದರೆ ಫೋನನ್ನು ಹ್ಯಾಂಡಲಿನ ಮೇಲಿಡದೆ, ತಂತಿಯೊಂದನ್ನು ಟ್ಯಾಂಕಿನ ಮೇಲಣ ಚೀಲದೊಳಕ್ಕೆ ತಂದು ಅಲ್ಲಿಯೇ ತುಂಬಿಸಿಕೊಳ್ಳುವುದು ಕ್ಷೇಮ. ಹ್ಯಾಂಡಲಿನ ಅದುರುವಿಕೆಯಿಂದ ಫೋನಿನ ಕ್ಯಾಮೆರಾ ಕೆಡಬಹುದೆಂದು ಆಪಲ್ ಕಂಪೆನಿಯವರೇ ೨೦೨೧ರಲ್ಲಿ ತಮ್ಮ ಗಿರಾಕಿಗಳಿಗೆ ಎಚ್ಚರಿಕೆ ಕೊಟ್ಟಿರುವುದನ್ನೂ ನೆನಪಿನಲ್ಲಿಡಬಹುದು.

ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ನಿಲ್ಲಿಸಿದ ವಾಹನಕ್ಕೆ ಇಲಿಯ ಬಾಧೆಯೂ ಉಂಟು. ತಿಂಗಳಿಗೊಮ್ಮೆ ಸೀಟನ್ನು ತೆಗೆದು ತಂತಿಗಳನ್ನು ನೋಡುವುದು ಒಳ್ಳೆಯದು. ಕೈಲ್‌ಪೊಳ್ದಿನಲ್ಲಿ ಕೋವಿ ಕತ್ತಿಗಳನ್ನೂ, ಆಯುಧಪೂಜೆಯಲ್ಲಿ ವಾಹನಗಳನ್ನೂ ತೊಳೆದು ಪೂಜಿಸುವ ನಾವು, ಹೂವಿಡುವ ಮೊದಲು ಫ್ಯೂಸಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರೆ ಪೂಜೆಯು ಸಾಂಗವಾದೀತು.

ಆಪತ್ಕಾಲದಲ್ಲಿ

೨೦೧೮ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ಬೆಟ್ಟಗಳು ಕುಸಿದು, ಜೋಡುಪಾಲದ ಕಡೆಯ ಹೆದ್ದಾರಿಯು ಕಡಿದುಹೋಗಿ, ಅನೇಕ ಗ್ರಾಮಗಳಲ್ಲಿ ದಿನಗಟ್ಟಲೆ ವಿದ್ಯುತ್ತಿಲ್ಲದೆ ಹೋದುದನ್ನು ಯಾರೂ ಮರೆತಿಲ್ಲ. ಮುಂದಿನ ಎರಡು ವರ್ಷಗಳಲ್ಲಿಯೂ ಆಗಸ್ಟು ತಿಂಗಳು ತೋರದಲ್ಲಿಯೂ ತಲಕಾವೇರಿಯಲ್ಲಿಯೂ ದುಃಖವನ್ನೇ ತಂದಿತು. ಅಂತಹ ಹೊತ್ತಿನಲ್ಲಿ ಫೋನಿನಲ್ಲಿ ಉಳಿದಿರುವ ಶಕ್ತಿಯೇ ಒಂದು ಮನೆಗೂ ಹೊರಲೋಕಕ್ಕೂ ಇರುವ ಸೇತುವೆ. ಕ್ರಮವಾಗಿ ಜೋಡಿಸಿದ ಸಾಕೆಟ್ಟುಳ್ಳ ಮೋಟಾರ್ ಸೈಕಲ್ಲೊಂದು ಮನೆಯಲ್ಲಿದ್ದರೆ ಅದು ಆ ಮನೆಗೆ ಮಾತ್ರವಲ್ಲ, ನೆರೆಹೊರೆಗೂ ಒಂದು ಸಣ್ಣ ವಿದ್ಯುದಾಗಾರ. ಒಂದು ಫೋನಿಗೆ ಬೇಕಾದ ಶಕ್ತಿಯು ಅಲ್ಪವಾದುದರಿಂದ ಎಂಜಿನ್ನನ್ನು ಸ್ವಲ್ಪ ಹೊತ್ತು ನಡೆಸಿದರೂ ಅವಶ್ಯವಾದ ಕರೆಗಳಿಗೆ ಸಾಕಾಗುವಷ್ಟು ದೊರೆಯುವುದು. ತುರ್ತಿನ ೧೧೨ ಎಂಬ ಸಂಖ್ಯೆಗೆ ಮಾಡುವ ಕರೆಯು ನಮ್ಮ ಕಂಪೆನಿಯ ಗೋಪುರವಿಲ್ಲದಿದ್ದರೂ ಬೇರೆ ಯಾವುದಾದರೂ ಗೋಪುರದ ಮೂಲಕ ಹೋಗಬಲ್ಲುದೆಂಬುದನ್ನು ಮನೆಯ ಎಲ್ಲರೂ ತಿಳಿದಿರಬೇಕು.

ಆದರೆ ಎಂಜಿನ್ನನ್ನು ಅಂಗಳದಲ್ಲಿ, ಬಯಲಿನಲ್ಲಿ ನಡೆಸಬೇಕೇ ಹೊರತು ಮಳೆಯೆಂದು ಮುಚ್ಚಿದ ಕೊಟ್ಟಿಗೆಯೊಳಗೋ ಜಗಲಿಯ ಬಾಗಿಲ ಬಳಿಯಲ್ಲಿಯೋ ಎಂದಿಗೂ ನಡೆಸಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೊದಲು ತಲೆನೋವು, ಬಳಿಕ ಮಂಪರು, ಆಮೇಲೆ ಮರಣ. ಫೋನನ್ನು ತುಂಬಿಸಲು ಹೋಗಿ ಮನೆಯವರನ್ನು ಕಳೆದುಕೊಳ್ಳಬಾರದು.

ಸಾಕೆಟ್ಟು ಬಂದ ಮೇಲೆ ಸವಾರನ ದೃಷ್ಟಿಯು ರಸ್ತೆಯನ್ನು ಬಿಟ್ಟು ಫೋನಿನ ಕಡೆಗೆ ಹೊರಳಿದರೆ ಉಪಕಾರವೇ ಅಪಕಾರವಾಗುವುದು. ಘಟ್ಟದ ತಿರುವಿನಲ್ಲಿ ಆನೆಯೋ ಬಿದ್ದ ಮರವೋ ಎದುರಾಗುವುದಕ್ಕೆ ಒಂದು ನಿಮಿಷವೂ ಬೇಡ. ಮಾತನಾಡಬೇಕಾದರೆ ವಾಹನವನ್ನು ನಿಲ್ಲಿಸಿ, ಇಳಿದು ಮಾತನಾಡಲಿ.

ಇಷ್ಟಕ್ಕೂ ಈ ಸಾಕೆಟ್ಟಿನ ಬೆಲೆಯು ದೊಡ್ಡದಲ್ಲ. ಫ್ಯೂಸಿನ ಬೆಲೆಯಂತೂ ಒಂದು ಲೋಟ ಕಾಫಿಯ ಬೆಲೆಯನ್ನು ಮೀರದು. ಬೆಲೆಯಿರುವುದು ಮುಂಚೆ ಲೆಕ್ಕ ಹಾಕುವ ತಾಳ್ಮೆಗೆ. ಸಂಪಾದನೆಯನ್ನರಿತು ಖರ್ಚು ಮಾಡುವುದು, ಪತ್ತಾಯವನ್ನು ಬರಿದು ಮಾಡದಿರುವುದು, ಬಾಗಿಲಿಗೆ ಕಾವಲಿಡುವುದು, ಇವು ಮೂರೂ ನಮ್ಮ ಹಿರಿಯರು ಸಂಸಾರಕ್ಕೆ ಹೇಳಿದ ನಿಯಮಗಳೇ. ಮನೆಯ ಮಕ್ಕಳು ಮುಂದಿನ ಪ್ರಯಾಣಕ್ಕೆ ಹೊರಡುವ ಮುನ್ನ ತಂದೆತಾಯಿಗಳು ಬುತ್ತಿಯನ್ನು ಕಟ್ಟಿಕೊಡುವಾಗ, ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನೂ ಒಮ್ಮೆ ಕೇಳಿಬಿಡಲಿ.